ವೈಲ್ ಲೂಪ್ ನಿಲ್ಲುತ್ತಿಲ್ಲ ಅಂತ ಅದನ್ನೇ ಬಿಡಬೇಡ್ರಿ

ಪೈಥಾನ್‌ ಭಾಷೆಯಲ್ಲಿ ವೈಲ್ (ಷರತ್ತು ನಿಜವಿರುವವರೆಗೆ ಅವೇ ಸಾಲುಗಳನ್ನು ಮತ್ತೆ ಮತ್ತೆ ಓಡಿಸುವ ಲೂಪ್) ಬರೆದಾಗಲೆಲ್ಲ ಪ್ರೋಗ್ರಾಂ ನಿಲ್ಲದೆ ಓಡುತ್ತದೆ, ಅದನ್ನು ಬಿಟ್ಟು ಫಾರ್ ಒಂದನ್ನೇ ಕಲಿತರೆ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ಕಲಿಯುವಾಗ ನನ್ನ ತಲೆಯಲ್ಲೂ ಇದೇ ಇತ್ತು. ನಡೆಯೋದಿಲ್ರಿ. ಯಾವುದು ಸುಲಭ ಅಂತ ನೋಡಿ ಲೂಪ್ ಆರಿಸುವುದೇ ಸರಿಯಲ್ಲ. ಎಷ್ಟು ಸಲ ತಿರುಗಬೇಕೆಂದು ಮೊದಲೇ ಗೊತ್ತಿದ್ದರೆ ಫಾರ್, ಗೊತ್ತಿಲ್ಲದಿದ್ದರೆ ವೈಲ್.

ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಯ ಕಾಟಾ ನೆನಪಿಸಿಕೊಳ್ಳಿ. ಇವತ್ತು ಎಷ್ಟು ಟ್ರಾಲಿ ಕಬ್ಬು ಬರುತ್ತದೆ ಅನ್ನೋದು ಕಾಟಾದಲ್ಲಿ ಕೂತವರಿಗೆ ಬೆಳಿಗ್ಗೆ ಗೊತ್ತಿರುವುದಿಲ್ಲ. ಬಂದಷ್ಟನ್ನು ತೂಗಬೇಕು, ಪಾಳಿ ಮುಗಿದಾಗ ನಿಲ್ಲಿಸಬೇಕು. ಮುಗಿಯಿತು ಅನ್ನುವುದಕ್ಕೆ ತೂಕದ ಜಾಗದಲ್ಲಿ 0 ಒತ್ತುವುದೆಂದು ಇಟ್ಟುಕೊಳ್ಳೋಣ. ಪೈಥಾನ್‌ನಲ್ಲಿ ಇದು ಹೀಗೆ:

ಒಟ್ಟು = 0
ತೂಕ = ಇಂಟ್(ಇನ್‌ಪುಟ್())
ವೈಲ್ ತೂಕ != 0:
    ಒಟ್ಟು = ಒಟ್ಟು + ತೂಕ
    ತೂಕ = ಇಂಟ್(ಇನ್‌ಪುಟ್())
ಪ್ರಿಂಟ್(ಒಟ್ಟು)

ವೈಲ್, ಇಂಟ್, ಇನ್‌ಪುಟ್, ಪ್ರಿಂಟ್ ಇವನ್ನು while, int, input, print ಎಂದು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. != ಅಂದರೆ ಸಮವಲ್ಲ ಎಂದು. ಒಟ್ಟು, ತೂಕ ಎಂಬ ವೇರಿಯಬಲ್ (ಅಂಕಿ ಇಟ್ಟುಕೊಳ್ಳುವ ಡಬ್ಬಿ) ಹೆಸರುಗಳನ್ನು ಪೈಥಾನ್ 3 ಕನ್ನಡದಲ್ಲಿದ್ದರೂ ಒಪ್ಪುತ್ತದೆ, ಹೆದರಬೇಡಿ.

ತೂಕ ಕೇಳುವ ಸಾಲು ಎರಡು ಸಲ ಬಂದಿರುವುದನ್ನು ಗಮನಿಸಿ. ಹೊಸಬರಿಗೆ ಇದು ದಂಡದ ಸಾಲು ಅನಿಸುತ್ತದೆ, ಒಂದನ್ನು ಅಳಿಸುತ್ತಾರೆ ಇಲ್ಲವೇ ಮೇಲೆ ಕೆಳಗೆ ಮಾಡುತ್ತಾರೆ. ಎಲ್ಲ ಕೆಡುವುದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಮೇಲಿನದನ್ನು ಅಳಿಸಿದರೆ ಕಂಡೀಷನ್ (ತೂಕ != 0 ಎಂಬ ಷರತ್ತು) ನೋಡುವ ಹೊತ್ತಿಗೆ ತೂಕ ಎಂಬುದೇ ಇರುವುದಿಲ್ಲ, ಪೈಥಾನ್ ಕೂಡಲೇ ಎರರ್ ಕೊಡುತ್ತದೆ. ಅದು ಒಳ್ಳೆಯದು, ಗೊತ್ತಾಗುತ್ತದಲ್ಲ. ಒಳಗಿನದನ್ನು ಅಳಿಸಿದರೆ, ಅಥವಾ ಅದರ ಮುಂದಿನ ನಾಲ್ಕು ಸ್ಪೇಸ್ ತಪ್ಪಿ ಅದು ಲೂಪಿನ ಹೊರಗೆ ಬಿದ್ದರೆ, ಮೊದಲ ಟ್ರಾಲಿಯ 12 ಟನ್ ಹಾಗೇ ಕೂತಿರುತ್ತದೆ. ಕಂಡೀಷನ್ ಯಾವತ್ತೂ ಸುಳ್ಳಾಗುವುದಿಲ್ಲ. ಒಟ್ಟು 12, 24, 36 ಎಂದು ಬೆಳೆಯುತ್ತಲೇ ಹೋಗುತ್ತದೆ. ಲೂಪಿನೊಳಗೆ ಪ್ರಿಂಟ್ ಇಲ್ಲವಾದ್ದರಿಂದ ಪರದೆಯ ಮೇಲೆ ಬರೀ ಕರ್ಸರ್. ನೀವು ಹ್ಯಾಂಗ್ ಆಯ್ತು ಅನ್ನುತ್ತಿರುವುದು ಬಹುತೇಕ ಇದನ್ನೇ.

ಇದಕ್ಕಿಂತ ಕೆಟ್ಟದ್ದು ಒಳಗಿನ ಎರಡು ಸಾಲು ಅದಲುಬದಲಾಗುವುದು: ಮೊದಲು ತೂಕ ಕೇಳಿ, ಆಮೇಲೆ ಕೂಡಿಸುವುದು. ಪ್ರೋಗ್ರಾಂ ಓಡುತ್ತದೆ, 0 ಒತ್ತಿದರೆ ನಿಲ್ಲುತ್ತದೆ, ಎರರ್ ಇಲ್ಲ. ಆದರೆ ಲೆಕ್ಕ ತಪ್ಪು. ಕಾಗದ ತಗೊಂಡು 12, 9, 15, 0 ಕೊಟ್ಟು ನೋಡಿ. 12 ಓದಿ ಒಳಗೆ ಹೋದ ಕೂಡಲೇ ಅದರ ಮೇಲೆ 9 ಬಂದು ಕೂರುತ್ತದೆ, ಒಟ್ಟು 9. ಆಮೇಲೆ 15, ಒಟ್ಟು 24. ಆಮೇಲೆ 0, ಒಟ್ಟು 24 ಆಗಿಯೇ ಉಳಿದು ಲೂಪ್ ಮುಗಿಯುತ್ತದೆ. ಬರಬೇಕಿದ್ದದ್ದು 36. ಮೊದಲ ಟ್ರಾಲಿ ಪೂರಾ ಮಾಯ, ಅದರ ಬದಲಿಗೆ ಕೊನೆಯ ಸೊನ್ನೆ ಲೆಕ್ಕಕ್ಕೆ ಸೇರಿದೆ. ಟ್ರಾಲಿ ಎಣಿಸಲು ಬೇರೆ ವೇರಿಯಬಲ್ ಇಟ್ಟಿದ್ದರೂ ಇದು ಸಿಕ್ಕಿಬೀಳುವುದಿಲ್ಲ, ಏಕೆಂದರೆ ಲೂಪ್ ತಿರುಗಿದ್ದು ಸರಿಯಾಗಿ ಮೂರೇ ಸಲ. ರೈತನ ಒಂದು ಟ್ರಾಲಿ ಕಬ್ಬು ಹೀಗೆ ಹೋದರೆ ಅದು ಸಣ್ಣ ಮಾತಲ್ಲ. ಆದ್ದರಿಂದ ಕಂಡೀಷನ್ ಪಾಸಾದ ಅಂಕಿಯನ್ನು ಮೊದಲು ಬಳಸಿ, ಮುಂದಿನ ಅಂಕಿ ತರುವುದನ್ನು ಲೂಪಿನ ಕೊನೆಯ ಸಾಲಿಗೇ ಇಡಿ. ನಡುವೆ ಕಂಟಿನ್ಯೂ (continue, ಉಳಿದ ಸಾಲು ಬಿಟ್ಟು ಮತ್ತೆ ಕಂಡೀಷನ್‌ಗೆ ಹೋಗು ಅನ್ನುವ ಆಜ್ಞೆ) ಹಾಕಿದರೂ ಆ ಕೊನೆಯ ಸಾಲು ತಪ್ಪಿಹೋಗುತ್ತದೆ, ಅದಕ್ಕೇ ಶುರುವಿನಲ್ಲಿ ಕಂಟಿನ್ಯೂ ಬೇಡವೇ ಬೇಡ.

ಇಂಟ್ ಮರೆತರೆ? ಇನ್‌ಪುಟ್ ಕೊಡುವುದು ಅಕ್ಷರವನ್ನು, ಅಂಕಿಯನ್ನಲ್ಲ; ಅದನ್ನು ಅಂಕಿ ಮಾಡುವುದೇ ಇಂಟ್. ಅಕ್ಷರದ 0 ಮತ್ತು ಅಂಕಿಯ 0 ಪೈಥಾನ್‌ಗೆ ಬೇರೆ ಬೇರೆ. ತೂಕ ಕೂಡಿಸುವಾಗ ಎರರ್ ಬಂದು ಎಚ್ಚರಿಸುತ್ತದೆ. ಆದರೆ ಬರೀ ಟ್ರಾಲಿ ಎಣಿಸುವ ಪ್ರೋಗ್ರಾಂ ಆಗಿದ್ದರೆ ಎರರೂ ಬರುವುದಿಲ್ಲ, ಎಷ್ಟು ಸಲ 0 ಒತ್ತಿದರೂ ಇನ್ನೊಂದು ಟ್ರಾಲಿ ಅಂತ ಎಣಿಸುತ್ತಲೇ ಇರುತ್ತದೆ.

ಎಡವುವ ಇನ್ನೊಂದು ಜಾಗ ದಶಾಂಶದ್ದು. ಆಲಮಟ್ಟಿ ಜಲಾಶಯದ ಗರಿಷ್ಠ ಮಟ್ಟ 519.60 ಮೀಟರ್. ಮಟ್ಟವನ್ನು 519.0 ದಿಂದ ಶುರು ಮಾಡಿ, ಸಲಕ್ಕೆ 0.1 ಕೂಡಿಸುತ್ತ, ಮಟ್ಟ != 519.6 ಇರುವವರೆಗೆ ತಿರುಗಿಸಿ. ಆರು ಸಲಕ್ಕೆ ನಿಲ್ಲಬೇಕು, ನಿಲ್ಲುವುದಿಲ್ಲ. ಪ್ರತಿ ಸಲ ಪ್ರಿಂಟ್ ಮಾಡಿಸಿದರೆ ಮೂರನೆಯದರಲ್ಲೇ 519.3000000000001 ಕಾಣುತ್ತದೆ, ಆರನೆಯದು 519.6000000000001. ಕಂಪ್ಯೂಟರ್ 0.1 ಅನ್ನು ಬೈನರಿಯಲ್ಲಿ (0, 1 ಎರಡೇ ಅಂಕಿಗಳ ಲೆಕ್ಕದಲ್ಲಿ) ಪೂರ್ತಿ ಇಡಲಾರದು, ಚೂರು ವ್ಯತ್ಯಾಸ ಪ್ರತಿ ಸಲ ಸೇರಿಕೊಳ್ಳುತ್ತದೆ. 519.6 ಅನ್ನು ಮುಟ್ಟದೆ ದಾಟಿದ ಮೇಲೆ ನಿಲ್ಲಿಸುವವರು ಯಾರೂ ಇಲ್ಲ. ಇಲ್ಲಿ != ಬದಲು < (ಕಡಿಮೆ) ಹಾಕಿದರೆ ನಿಲ್ಲುತ್ತದೆ, ಆದರೆ ಅದನ್ನೂ ಪೂರ್ತಿ ನಂಬಬೇಡಿ: 0.0 ದಿಂದ ಹತ್ತು ಸಲ 0.1 ಕೂಡಿಸಿದರೆ 0.9999999999999999 ಬರುತ್ತದೆ, 1.0 ಕ್ಕಿಂತ ಕಡಿಮೆ ಎಂದು ಇನ್ನೊಂದು ಸುತ್ತು ಹೆಚ್ಚಿಗೆ ತಿರುಗುತ್ತದೆ. ಸೆಂಟಿಮೀಟರ್‌ನಲ್ಲಿ ಲೆಕ್ಕ ಇಡಿ: 51900 ದಿಂದ ಹತ್ತು ಹತ್ತು ಕೂಡಿಸಿ 51960. ಪೂರ್ಣಾಂಕದಲ್ಲಿ ಈ ತಂಟೆಯೇ ಇಲ್ಲ.

ಓಡುತ್ತಲೇ ಇರುವ ಪ್ರೋಗ್ರಾಂ ನಿಲ್ಲಿಸಲು ಕಂಟ್ರೋಲ್ ಒತ್ತಿ ಹಿಡಿದು ಸಿ ಒತ್ತಿ. ಕಂಪ್ಯೂಟರ್ ಆಫ್ ಮಾಡುವ ಅಗತ್ಯವಿಲ್ಲ, ಏನೂ ಹಾಳಾಗುವುದಿಲ್ಲ. ಆಮೇಲೆ ಲೂಪಿನ ಮೊದಲ ಸಾಲಾಗಿ, ಕಂಡೀಷನ್‌ನಲ್ಲಿರುವ ವೇರಿಯಬಲ್ ಅನ್ನು ಪ್ರಿಂಟ್ ಮಾಡಿಸಿ ಮತ್ತೆ ಓಡಿಸಿ. ಒಂದೇ ಅಂಕಿ ಬರುತ್ತಿದ್ದರೆ ಒಳಗೆ ಅದನ್ನು ಬದಲಿಸುವ ಸಾಲು ಇಲ್ಲ. ಬದಲಾಗುತ್ತಿದ್ದೂ ನಿಲ್ಲದಿದ್ದರೆ ಅಂಕಿ ಗುರಿಯಿಂದ ದೂರ ಓಡುತ್ತಿದೆ, ಇಲ್ಲವೇ ಅದನ್ನು ದಾಟಿಹೋಗಿದೆ. ನಿಮ್ಮ ಕೋಡ್ ಇಲ್ಲಿ ಹಾಕಿರಿ, ಯಾವ ಸಾಲು ಅಂತ ಹೇಳುತ್ತೇನೆ.