‘ಯಾರು ಸತ್ತಿದ್ದು ಮಿಸ್?’

ಪ್ರಿಯ ಓದುಗರೇ,

ಒಂದನೇ ತರಗತಿಗೆ ಪಾಠ ಹೇಳುವ ನೀವು, ಸೈನಿಕರ ಸ್ಮರಣೆಯ ದಿನ ಮಕ್ಕಳಿಂದ ಬಾವುಟಕ್ಕೆ ಬಣ್ಣ ಹಚ್ಚಿಸಿ, ಕೆಂಪು ಕಾಗದದ ಪಾಪಿ (ಗಸಗಸೆ ಬಳಗದ ಗಿಡ) ಹೂವು ಮಾಡಿಸಿದ್ದನ್ನು ಬರೆದಿದ್ದೀರಿ. ನಡುವೆ ಒಬ್ಬಳು ‘ಯಾರು ಸತ್ತಿದ್ದು ಮಿಸ್?’ ಅಂದಳಂತೆ. ‘ಮೊದಲು ಗೋಂದು ಹಚ್ಚು’ ಎಂದು ಮಾತು ಮರೆಸಿದಿರಂತೆ. ಇಷ್ಟು ಚಿಕ್ಕವರಿಗೆ ಸಾವಿನ ವಿಷಯ ಬೇಕಾ ಎಂಬುದು ನಿಮ್ಮ ಪ್ರಶ್ನೆ.

ಬೇಕು. ಅವಳು ಕೇಳಿದ್ದೇ ಆ ದಿನದ ಪಾಠ. ಯಾರಿಗಾಗಿ ಅಂತ ಗೊತ್ತಿಲ್ಲದೆ ಮಾಡಿದ ಹೂವು ಬರೀ ಕ್ರಾಫ್ಟ್ ಪೀರಿಯಡ್, ಅಲ್ವಾ? ‘ಯುದ್ಧ ನಡೆಯಿತು, ತುಂಬಾ ಜನ ಸತ್ತುಹೋದರು, ಮನೆಗೆ ವಾಪಸ್ ಬರಲೇ ಇಲ್ಲ.’ ಆರು ವರ್ಷದ ಮಗುವಿಗೆ ಇಷ್ಟು ಸಾಕು. ರಕ್ತ, ಗಾಯದ ವರ್ಣನೆ ಬೇಡ. ಹಾಗಂತ ‘ಮಲಗಿದ್ದಾರೆ’ ಎಂದೂ ಹೇಳಬೇಡಿ. ಮಕ್ಕಳು ಅದನ್ನು ಹಾಗೇ ನಂಬಿ, ರಾತ್ರಿ ಮಲಗಲು ಹೆದರಬಹುದು.

ಆ ಹೂವನ್ನಂತೂ ಬಿಡಬೇಡಿ. ಪಾಪಿಯ ಬೀಜ ಸಾಸಿವೆಗಿಂತ ಸಣ್ಣದು. ಮಣ್ಣಿನಡಿ ವರ್ಷಗಟ್ಟಲೆ ಸುಮ್ನೆ ಬಿದ್ದಿರುತ್ತದೆ. ಮಣ್ಣು ಮಗುಚಿ ಬೆಳಕು ತಾಗಿದಾಗ ಮೊಳೆಯುತ್ತದೆ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂ, ಫ್ರಾನ್ಸಿನ ಹೊಲಗಳನ್ನು ಫಿರಂಗಿ ಶೆಲ್‌ಗಳು ಅಗೆದು ಹಾಕಿದವು. ಅಲ್ಲೇ, ಗೋರಿಗಳ ಸುತ್ತ, ಈ ಹೂವು ಎದ್ದಿತು. ಬ್ರಿಟನ್ನಿನಲ್ಲಿ 1921ರಿಂದ ಜನ ಇದನ್ನು ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದಾರೆ. ತರಗತಿಯಲ್ಲಿ ಎರಡು ಕುಂಡ ಇಡಿ. ಒಂದರಲ್ಲಿ ಬೀಜ ಮೇಲೇ ಉದುರಿಸಿ, ಇನ್ನೊಂದರಲ್ಲಿ ಆಳಕ್ಕೆ ಹೂಳಿ. ಮಕ್ಕಳು ದಿನಾ ಇಣುಕಿ ನೋಡಲಿ. ಕೆಂಪು ಹೂವೇ ಯಾಕೆ ಅನ್ನೋದನ್ನು ನೀವು ಜಾಸ್ತಿ ವಿವರಿಸಬೇಕಾಗುವುದಿಲ್ಲ.

ಮೌನಾಚರಣೆಯ ಬಗ್ಗೆ ಒಂದು ಮಾತು. 1918ರ ನವೆಂಬರ್ 11ರಂದು ಬೆಳಿಗ್ಗೆ 11ಕ್ಕೆ ಆ ಯುದ್ಧ ನಿಂತಿತು. ಮರುವರ್ಷ ಅದೇ ಹೊತ್ತಿಗೆ ಬ್ರಿಟನ್ನಿನಲ್ಲಿ ಎರಡು ನಿಮಿಷದ ಮೌನ ಶುರುವಾಯಿತು. ನಿಮ್ಮ ಮಕ್ಕಳಿಗೆ ಅರ್ಧ ನಿಮಿಷವೇ ಜಾಸ್ತಿ. ಯಾರನ್ನು ನೆನೆಯಬೇಕು ಎಂದು ಮೊದಲೇ ಹೇಳಿ, ಒಬ್ಬರದೇ ಹೆಸರು ಹೇಳಿ. ಆದರೂ ಯಾರೋ ಕಿಸಕ್ಕನೆ ನಗುತ್ತಾರೆ. ಗದರಬೇಡಿ.

ಶತ್ರುವನ್ನು ತೋರಿಸದೆ ದೇಶಪ್ರೇಮ ಕಲಿಸೋಕೆ ಆಗುತ್ತಾ ಎಂದೂ ಕೇಳಿದ್ದೀರಿ. ಧಾರಾಳವಾಗಿ ಆಗುತ್ತದೆ. ಹಿರೋಷಿಮಾದ ಮೇಲೆ ಅಣುಬಾಂಬ್ ಬಿದ್ದಾಗ ಅಲ್ಲಿನ ಹುಡುಗಿ ಸಡಾಕೊ ಸಸಾಕಿಗೆ ಎರಡು ವರ್ಷ. 1955ರಲ್ಲಿ, ಹನ್ನೆರಡನೇ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ಆಸ್ಪತ್ರೆಯಲ್ಲಿ, ಗುಣವಾಗಲೆಂದು, ಕಾಗದದ ಕೊಕ್ಕರೆ ಮಡಚುತ್ತಿದ್ದಳು. ಸ್ಮಾರಕಕ್ಕೆ ಹಣ ಕೂಡಿಸಲು ಹೊರಟವರು ಅವಳ ಸಹಪಾಠಿಗಳೇ. 1958ರಲ್ಲಿ ಅದು ಎದ್ದು ನಿಂತಿತು. ಯಾರನ್ನೂ ಬೈಯದೆ ತಮ್ಮವಳನ್ನು ನೆನೆಯುವುದು ಆ ಮಕ್ಕಳಿಗೆ ಸಾಧ್ಯವಾಯಿತು. ಘೋಷಣೆ ಕೂಗಿಸುವುದು ಈ ವಯಸ್ಸಿಗೆ ಬೇಡ (ಯಾವ ವಯಸ್ಸಿಗೂ ಬೇಡ ಅನ್ನೋದು ನನ್ನ ಅನಿಸಿಕೆ, ಅದಿರಲಿ).

ಬೋರ್ಡಿನಿಂದ ನಕಲು ಮಾಡಿಸಿದ ‘ಧನ್ಯವಾದ’ ಕಾರ್ಡುಗಳನ್ನು ಕೈಬಿಡಿ. ನಿವೃತ್ತ ಯೋಧರೊಬ್ಬರನ್ನು ಕರೆಸಿ, ಮಕ್ಕಳೇ ಪ್ರಶ್ನೆ ಕೇಳಲಿ. ‘ನಿಮ್ಮ ಬೂಟು ಭಾರವಾ? ಅಮ್ಮನ ನೆನಪಾಗ್ತಿತ್ತಾ?’ ಇಂಥವು ಬರುತ್ತವೆ. ಬರಲಿ.

ಅದಕ್ಕೂ ಮುಂಚೆ ಮನೆಗಳಿಗೊಂದು ಚೀಟಿ ಕಳಿಸಿ. ಯಾರ ಅಪ್ಪ ಅಮ್ಮ ಸೇನೆಯಲ್ಲಿದ್ದಾರೆ, ಯಾರ ಮನೆಯಲ್ಲಿ ಈಚೆಗೆ ಸಾವಾಗಿದೆ, ಯಾವ ಮಗು ಯುದ್ಧ ಕಂಡ ಊರಿನಿಂದ ಬಂದಿದೆ ಎಂಬುದು ನಿಮಗೆ ಗೊತ್ತಿರಲಿ. ಅಂಥ ಮಗುವನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸಬೇಡಿ. ಹೇಳಬೇಕೆನಿಸಿದರೆ ತಾನೇ ಬಂದು ಹೇಳುತ್ತದೆ.

– ಸಂಪಾದಕ