ಅಕ್ಸೆಸ್‌ನಲ್ಲಿ ಕನ್ನಡದ ಮೆಸೇಜ್ ಬರಬೇಕಾ?

ಪ್ರಶ್ನೆ: ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮೈಕ್ರೋಸಾಫ್ಟ್ ಅಕ್ಸೆಸ್ ಅನ್ನೋ ಡೇಟಾಬೇಸ್ ಪ್ರೋಗ್ರಾಮ್‌ನಲ್ಲಿ ಒಂದೇ ಲಾಟ್ ನಂಬರ್ ಎರಡು ಸಲ ಹೊಡೆದರೆ ಉದ್ದದ ಇಂಗ್ಲಿಷ್ ಮೆಸೇಜ್ ಬರುತ್ತದೆ, ಹುಡುಗರು ಗಾಬರಿಯಾಗುತ್ತಾರೆ. ಕನ್ನಡದಲ್ಲಿ ಬರೋ ಹಾಗೆ ಮಾಡಬಹುದಾ?

ಉತ್ತರ: ಧಾರಾಳವಾಗಿ. ಫಾರ್ಮ್‌ನ ‘ಆನ್ ಎರರ್’ ಇವೆಂಟ್‌ನಲ್ಲಿ, ಅಂದರೆ ತಪ್ಪಾದಾಗ ತಾನಾಗಿ ಓಡುವ ಜಾಗದಲ್ಲಿ, ಕೋಡ್ ಬರೆಯಿರಿ. ತಪ್ಪಿನ ನಂಬರ್ ಆ ಕೋಡ್‌ನ ‘ಡೇಟಾಎರ್’ (DataErr) ಅನ್ನೋ ಹೆಸರಿನಲ್ಲಿ ಸಿಗುತ್ತದೆ, ಡೂಪ್ಲಿಕೇಟ್‌ಗೆ 3022. ಅದು ಬಂದಾಗ ಅಲ್ಲೇ ಇರುವ ‘ರೆಸ್ಪಾನ್ಸ್’ (Response)ಗೆ 0 ಕೊಟ್ಟರೆ ಇಂಗ್ಲಿಷ್ ಮೆಸೇಜ್ ಬಾಯಿ ಮುಚ್ಚುತ್ತದೆ. ನಿಜವಾದ ತಲೆನೋವು ಮುಂದಿದೆ: ಮಾಮೂಲಿ ಮೆಸೇಜ್ ಬಾಕ್ಸ್‌ಗೆ ಕನ್ನಡ ಹಾಕಿದರೆ ಸುಮ್ನೆ ಪ್ರಶ್ನೆ ಚಿಹ್ನೆಗಳ ಸಾಲು ಬರುತ್ತದೆ, ಹಾಗಾಗಿ ಒಂದು ಸಣ್ಣ ಪಾಪ್‌ಅಪ್ ಫಾರ್ಮ್ ಮಾಡಿ, ಅದರ ಲೇಬಲ್‌ನಲ್ಲಿ ‘ಈ ಲಾಟ್ ಆಗಲೇ ಬರೆದಾಗಿದೆ, ಚೀಟಿ ನೋಡಿ’ ಅಂತ ಟೈಪ್ ಮಾಡಿ, ಕೋಡ್‌ನಿಂದ ಅದನ್ನೇ ತೆರೆಸಿ. ಮಿಕ್ಕ ತಪ್ಪುಗಳಿಗೆ ‘ರೆಸ್ಪಾನ್ಸ್’ 1 ಇರಲಿ, ಆಗ ಅಕ್ಸೆಸ್‌ನ ಮೆಸೇಜ್ ಎಂದಿನಂತೆ ಬರುತ್ತದೆ. ಇಲ್ಲದಿದ್ದರೆ ಬೇರೆ ತಪ್ಪಾದಾಗ ಏನಾಯಿತು ಅಂತಲೇ ಗೊತ್ತಾಗಲ್ಲ.