ಮೂರು ಲೋಹದ ರಿವಾಲ್ವರಿಗೆ ಒಂದೇ ಕಪ್ಪು ಬಣ್ಣ?

ಪ್ರಶ್ನೆ: ತೀರಿಹೋದ ಸೋದರಮಾವನ .32 ಬೋರ್ ರಿವಾಲ್ವರ್ ಮನೆಯವರೆಲ್ಲರ ಒಪ್ಪಿಗೆಯ ಮೇಲೆ ಈಗ ನನ್ನ ಪರವಾನಗಿಗೆ ಸೇರಿದೆ. ಮಾವ ಹೇಳಿ ಮಾಡಿಸಿಕೊಂಡದ್ದಂತೆ. ಚೌಕಟ್ಟು, ನಳಿಗೆ ಮಾಮೂಲಿ ಸ್ಟೀಲು, ಸಿಲಿಂಡರ್ ಸ್ಟೈನ್‌ಲೆಸ್, ಹಿಡಿಯ ಭಾಗ ಅಲ್ಯುಮಿನಿಯಂ. ಮನೆಯಿಂದ ಕಡಲಿಗೆ ಅರ್ಧ ಕಿಲೋಮೀಟರ್. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನಳಿಗೆ ಕೆಂಪಾಗಿದೆ, ಹಿಡಿ ಕೂಡುವ ಅಂಚಿನಲ್ಲಿ ಬಿಳಿ ಹುಡಿ ಎದ್ದಿದೆ. ಬೈಕಂಪಾಡಿಯಲ್ಲಿ ಬೈಕಿನ ಸಾಮಾನಿಗೆ ಪ್ಲೇಟಿಂಗ್ ಮಾಡುವ ಪರಿಚಯದವರು "ಎಲ್ಲ ಒಟ್ಟಿಗೆ ಬ್ಲೂಯಿಂಗ್ ಮಾಡಿಸುವ, ಒಂದೇ ಕಪ್ಪು ಬರುತ್ತದೆ" ಎನ್ನುತ್ತಾರೆ. ಕೊಡಬಹುದೇ?
(ಕಾಪುವಿನ ಓದುಗರು)

ಉತ್ತರ: ಬೇಡ ಮಾರಾಯ್ರೆ, ಖಂಡಿತ ಬೇಡ.

ಮಂಗಳೂರಿನಲ್ಲಿ ಅಪ್ಪನಿಗೆ ಬೆಡಿ (ಕೋವಿ) ರಿಪೇರಿಯ ಲೈಸೆನ್ಸ್ ಅಂಗಡಿ ಇತ್ತು. ನನಗಾಗ ಹದಿನೇಳು. ಮೇಲಿನ ಕಪ್ಪು ನೋಡಿ ಸ್ಟೀಲೆಂದುಕೊಂಡು ಒಂದು ಟ್ರಿಗರ್ ಗಾರ್ಡನ್ನು ತಂತಿಗೆ ಕಟ್ಟಿ ಬ್ಲೂಯಿಂಗ್ ತೊಟ್ಟಿಗೆ ಇಳಿಸಿದೆ. ತೊಟ್ಟಿಯಲ್ಲಿರುವುದು ಕಾಸ್ಟಿಕ್ ಸೋಡ ಮತ್ತು ನೈಟ್ರೇಟ್ ಉಪ್ಪು, 140 ಡಿಗ್ರಿ ಸುಮಾರಿಗೆ ಕುದಿಯುತ್ತಿರುತ್ತದೆ. ಹಾಲು ಉಕ್ಕಿದ ಹಾಗೆ ನೊರೆ ಬಂತು. ಮೇಲೆತ್ತಿದರೆ ನಾಯಿ ಜಗಿದು ಬಿಟ್ಟ ಎಲುಬಿನಂತಿತ್ತು. ಅದು ಅಲ್ಯುಮಿನಿಯಂ, ಕಾಸ್ಟಿಕ್ ಅದನ್ನು ತಿಂದುಬಿಡುತ್ತದೆ. ಅಪ್ಪ ಬೈಯಲಿಲ್ಲ, ಆ ತಿಂಗಳು ಸಿನಿಮಾಕ್ಕೆ ದುಡ್ಡು ಕೊಡಲಿಲ್ಲ ಅಷ್ಟೆ. ನಿಮ್ಮ ಹಿಡಿಗೂ ಅದೇ ಗತಿ. ಸಿಲಿಂಡರಿಗೆ ಆ ತೊಟ್ಟಿಯಲ್ಲಿ ಏನೂ ಆಗುವುದಿಲ್ಲ, ಬಣ್ಣವೂ ಹಿಡಿಯುವುದಿಲ್ಲ.

ಇನ್ನೊಂದು ಮಾತು. ಬ್ಲೂಯಿಂಗ್ ಎಂದರೂ ತುಕ್ಕಿನ ಜಾತಿಯೇ. ಕೆಂಪು ತುಕ್ಕಿನ ಬದಲು ಕಬ್ಬಿಣದ ಕಪ್ಪು ಆಕ್ಸೈಡನ್ನು ನಾವೇ ಬರಿಸುವುದು. ನೋಡಲು ಅದರಷ್ಟು ಚಂದ ಬೇರೆ ಇಲ್ಲ, ಆದರೆ ಎಣ್ಣೆ ಆರಿತೆಂದರೆ ಆಟಿಯ ಮಳೆಯಲ್ಲಿ ಒಂದು ವಾರ ನಿಲ್ಲುವುದಿಲ್ಲ. ಕಡಲ ಬದಿಯ ಮನೆಗೆ ನಾನು ಅದನ್ನು ಹೇಳುವವನಲ್ಲ.

ನಿಕಲ್? ಕರೆಂಟಿಲ್ಲದೆ ಕೂರಿಸುವ ಎಲೆಕ್ಟ್ರೋಲೆಸ್ ನಿಕಲ್ ಮೂಲೆಮೂಲೆಗೂ ಒಂದೇ ದಪ್ಪಕ್ಕೆ ಕೂರುತ್ತದೆ, ಕೆಲಸ ಒಳ್ಳೆಯದೇ. ಅಲ್ಯುಮಿನಿಯಮಿಗೆ ಮೊದಲು ಜಿಂಕೇಟ್ (ಸತುವಿನ ತೆಳು ಪದರ), ಸ್ಟೈನ್‌ಲೆಸ್‌ಗೆ ಬೇರೆಯೇ ಒಂದು ತಯಾರಿ ಮಾಡಿದರೆ ಮೂರಕ್ಕೂ ಹಿಡಿದೀತು. ತೊಂದರೆ ಇರುವುದು ಸೂಜಿಮೊನೆಯಷ್ಟು ತೂತು ಉಳಿದರೆ. ತಗಡಿನ ಮೇಲಿನ ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ನಿಕಲ್‌ಗೆ ಆ ಗುಣವಿಲ್ಲ. ತಾನು ಹೊಳೆಯುತ್ತ ಕೂತು ಅಡಿಯ ಲೋಹವನ್ನು ಕೊರೆಯಲು ಬಿಡುತ್ತದೆ. ಅಡಿಯಲ್ಲಿ ಅಲ್ಯುಮಿನಿಯಂ ಇದ್ದರೆ ಇನ್ನೂ ಬೇಗ.

ನಿಮ್ಮ ಬಿಳಿ ಹುಡಿಯ ಕಥೆಯೂ ಅದೇ. ಅಲ್ಯುಮಿನಿಯಂ, ಸ್ಟೀಲು ಒಂದಕ್ಕೊಂದು ತಾಗಿ ನಡುವೆ ಉಪ್ಪುನೀರು ಸೇರಿದರೆ ಸಣ್ಣ ಬ್ಯಾಟರಿಯೇ ಆಯಿತು, ಕರಗುವುದು ಅಲ್ಯುಮಿನಿಯಂ. ಹಾಗಾಗಿ ಹೊರಗೆ ಕಾಣುವ ಮೈಗಿಂತ ಎರಡು ಲೋಹ ಕೂಡುವ ಒಳಮುಖ ಮುಖ್ಯ. ಅಲ್ಲಿ ಲೇಪ ಬೇಕು, ಜೋಡಿಸುವಾಗ ಗ್ರೀಸೂ ಬೇಕು.

ನನ್ನ ಆಯ್ಕೆ ಇದು: ಸ್ಟೀಲಿಗೂ ಅಲ್ಯುಮಿನಿಯಮಿಗೂ ಓವನ್‌ನಲ್ಲಿ ಬೇಯಿಸುವ ಸೆರಾಮಿಕ್ ಲೇಪ. ಮರಳು ಹೊಡೆಸಿ ಮೈ ತರಿತರಿ ಮಾಡಿ, ಸ್ಪ್ರೇ ಮಾಡಿ, 120 ಡಿಗ್ರಿ ಸುಮಾರಿಗೆ ಎರಡು ಗಂಟೆ ಇಡುತ್ತಾರೆ. ಯಾವ ಲೋಹವೆಂದು ಅದು ಕೇಳುವುದಿಲ್ಲ. ದಪ್ಪ 25 ಮೈಕ್ರಾನ್ ಆಸುಪಾಸು, ಎಂದರೆ ಮಿಲಿಮೀಟರಿನ ನಲವತ್ತನೇ ಒಂದು ಭಾಗ. ಕಡಿಮೆಯೆನಿಸಬಹುದು, ಆದರೆ ಸಿಲಿಂಡರಿಗೂ ನಳಿಗೆಗೂ ನಡುವೆ ಇರುವ ಸಂದೇ ಮಿಲಿಮೀಟರಿನ ಹತ್ತನೇ ಒಂದೋ ಎರಡೋ ಭಾಗ. ಆದ್ದರಿಂದ ನಳಿಗೆಯ ಒಳಗೆ, ಗುಂಡಿನ ಮನೆಗಳಿಗೆ, ಪಿನ್ನುಗಳಿಗೆ ಏನೂ ಬೇಡ. ಸ್ಪ್ರಿಂಗುಗಳನ್ನು ಮೊದಲೇ ಬಿಚ್ಚಿ ಇಟ್ಟುಕೊಳ್ಳಲಿ. ಪ್ಲೇಟಿಂಗಿನವರು ಸ್ಪ್ರಿಂಗನ್ನು ಆಸಿಡ್‌ಗೆ ಹಾಕಿದರೆ ಹೈಡ್ರೋಜನ್ ಒಳಸೇರಿ, ಒಂದು ದಿನ ಕಡ್ಡಿಯ ಹಾಗೆ ಮುರಿಯುತ್ತದೆ.

ಸಿಲಿಂಡರನ್ನು ಬಿಳಿಯಾಗಿಯೇ ಬಿಡಿ. ತಿರುಗುವ ವಸ್ತು ಅದು, ಎಂಥ ಲೇಪ ಹಾಕಿದರೂ ಸುತ್ತ ಒಂದು ಗೆರೆ ಸವೆಯುತ್ತದೆ. ಕಪ್ಪು ಮೈಗೆ ಬಿಳಿ ಸಿಲಿಂಡರ್ ಚಂದವೇ ಕಾಣುತ್ತದೆ. ಎಲ್ಲ ಒಂದೇ ಕಪ್ಪಾಗಬೇಕೆಂಬ ಹಟ ಯಾಕೆ?

ಈಗ ಬೈಕಂಪಾಡಿ ವಿಷಯ. ಕೋವಿ ರಿಪೇರಿಗೆ ಲೈಸೆನ್ಸ್ ಇಲ್ಲದವರ ಕೈಗೆ ರಿವಾಲ್ವರ್ ಕೊಟ್ಟರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಇಬ್ಬರಿಗೂ ಕೇಸು. ಪರಿಚಯವೆಲ್ಲ ಅಲ್ಲಿ ನಡೆಯದು. ಲೈಸೆನ್ಸ್ ಇರುವ ಡೀಲರಿಗೆ ಕೊಟ್ಟು ರಸೀದಿ ತೆಗೆದುಕೊಳ್ಳಿ. ಕೊಡುವ ಮೊದಲು ನಂಬರಿನ ಫೋಟೋ ತೆಗೆದಿಡಿ. ಪಾಲಿಶ್ ಚಕ್ರಕ್ಕೆ ನಂಬರು ಸವೆದರೆ ಅದು ಬೇರೆಯೇ ಅಪರಾಧ.

ಕೊನೆಗೆ, ಚರ್ಮದ ಚೀಲದಲ್ಲಿ ಇಡುತ್ತಿದ್ದೀರೋ? ನೀವು ಬರೆದಿಲ್ಲ, ಆದರೆ ನನಗೆ ಅದೇ ಅನುಮಾನ. ಚರ್ಮ ತೇವ ಹೀರುತ್ತದೆ, ಹದ ಮಾಡಿದ ಉಪ್ಪು ಅದರಲ್ಲೇ ಇರುತ್ತದೆ. ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬದಲ್ಲಿಟ್ಟು, ಬೀಗದೊಳಗೆ ಇಡಿ. ತೆಂಗಿನೆಣ್ಣೆ ಉಜ್ಜಬೇಡಿ, ನಮ್ಮೂರಿನಲ್ಲಿ ಎಲ್ಲದಕ್ಕೂ ಅದೇ ಮದ್ದು, ಇದಕ್ಕೆ ಮಾತ್ರ ಅಲ್ಲ. ಕಮಟಿ ಅಂಟಾಗುತ್ತದೆ. ಹೊಲಿಗೆ ಮೆಷಿನಿನ ಎಣ್ಣೆ ಸಾಕು.

ಪ್ರಶ್ನೆ: ಚುನಾವಣೆಗೆ ಠಾಣೆಯಲ್ಲಿಟ್ಟ ಅಜ್ಜನ ಜೋಡಿನಳಿಗೆ ಕೋವಿ ತುಕ್ಕು ಹಿಡಿದು ಬಂತು. ಇದಕ್ಕಾದರೂ ಬ್ಲೂಯಿಂಗ್ ಆದೀತೇ?
(ಹೆಬ್ರಿಯ ಕೃಷಿಕರು)

ಉತ್ತರ: ಬಿಸಿ ತೊಟ್ಟಿಯದ್ದು ಇದಕ್ಕೂ ಬೇಡ. ಹಳೆಯ ಜೋಡಿ ನಳಿಗೆಗಳನ್ನು ನಡುವಿನ ಪಟ್ಟಿಗೆ ಸೀಸ-ತವರದ ಬೆಸುಗೆಯಲ್ಲಿ ಕೂಡಿಸಿರುತ್ತಾರೆ, ಕಾಸ್ಟಿಕ್ ಆ ಬೆಸುಗೆಯನ್ನು ತಿನ್ನುತ್ತದೆ. ನಿಧಾನವಾಗಿ ತುಕ್ಕು ಬರಿಸಿ, ನೀರಲ್ಲಿ ಕುದಿಸಿ, ಉಜ್ಜಿ, ಮತ್ತೆ ಬರಿಸುವ ಹಳೆಯ ಕ್ರಮವಿದೆ, ರಸ್ಟ್ ಬ್ಲೂಯಿಂಗ್ ಎಂದು. ದಿನಗಟ್ಟಲೆ ಹಿಡಿಯುತ್ತದೆ, ಲೈಸೆನ್ಸ್ ಇರುವವರಲ್ಲಿ ಅದನ್ನೇ ಕೇಳಿ. ಮುಂದಿನ ಸಲ ಠಾಣೆಗೆ ಕೊಡುವ ಹಿಂದಿನ ರಾತ್ರಿ ಒಳಗೂ ಹೊರಗೂ ಗ್ರೀಸು ಬಳಿದೇ ಕೊಡಿ. ಪೊಲೀಸರ ಕೈಗೆ ಮೆತ್ತಿದರೆ ಮೆತ್ತಲಿ.